ಹೊಸತೊಡಕಿನ ಓಟ

ನಮ್ಮ ಮನೆಯ ನಾಯಿಗೆ ಮೂರೇ ಕಾಲು. ನಾಲ್ಕನೆಯದು ಹೋದದ್ದು ನನ್ನಿಂದ. ತುಮಕೂರಿನಲ್ಲಿ ನಮ್ಮ ಬೀದಿಯ ಜನಕ್ಕೆ ಇದು ಗೊತ್ತಿಲ್ಲ. ಬೆಳಗ್ಗೆ ನಾನು ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೋಗುವುದನ್ನು ನೋಡಿ, "ದೊಡ್ಡ ಮನ್ಸು ಸಾರ್ ನಿಮ್ದು, ಕುಂಟು ನಾಯೀನ ಸಾಕ್ತಿದೀರಲ್ಲ" ಅನ್ನುತ್ತಾರೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ಹಾಗೆ ಹೊಗಳಿಸಿಕೊಂಡ ಮಾರನೇ ದಿನ ಬೇರೆ ಬೀದಿ ಹಿಡಿಯುತ್ತೇನೆ.

ನಾನು ಗುಬ್ಬಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಮಕ್ಕಳನ್ನು ಓಡಿಸಿ ಓಡಿಸಿಯೇ ತಲೆ ನರೆತಿದೆ. ನನ್ನ ಮುಂದೆ ಯಾರಾದರೂ ನಿಧಾನವಾಗಿ ನಡೆದರೂ ನನಗೆ ಸಿಟ್ಟು ಬರುತ್ತದೆ. "ಮದ್ವೆ ಮನೇಲಿ ಪಂಕ್ತಿಗೆ ಹೋಗೋವಾಗ್ಲೂ ಸೀಟಿ ಊದ್ತೀರಾ ನೀವು" ಅಂತ ಹೆಂಡತಿ ಛೇಡಿಸುತ್ತಾಳೆ. ಚೆನ್ನಾಗಿ ಓಡುವ ಮೈ ಎಲ್ಲಿ ಕಂಡರೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಅದು ಮನುಷ್ಯರದೇ ಆಗಬೇಕೆಂದಿಲ್ಲ.

ಗುಬ್ಬಿ ರಸ್ತೆಯ ಪಕ್ಕ, ಒಂದು ತೆಂಗಿನ ತೋಟದ ಮೂಲೆಯಲ್ಲಿ, ಒಬ್ಬರು ಮೇಡಂ ಬಿಟ್ಟುಹೋದ ನಾಯಿಗಳಿಗೆ ಅಂತ ಶೀಟಿನ ಶೆಡ್ ಕಟ್ಟಿಕೊಂಡಿದ್ದಾರೆ. ಸ್ಕೂಲಿನಲ್ಲಿ ಉಳಿದ ಬಿಸಿಯೂಟದ ಅನ್ನವನ್ನು ನಾನು ಆಗಾಗ ಬೈಕಿನಲ್ಲಿ ಅಲ್ಲಿಗೆ ಕೊಟ್ಟುಬರುತ್ತಿದ್ದೆ. ಅಲ್ಲೇ ಅವಳನ್ನು ಮೊದಲು ನೋಡಿದ್ದು. ಗ್ರೇಹೌಂಡ್ ಮತ್ತು ಮುಧೋಳ ಬೆರೆತ ತಳಿ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿಕೊಂಡ ಹೊಟ್ಟೆ. ಯಾರೋ ಮೊಲದ ಬೇಟೆಗೂ ಹಳ್ಳಿಯ ನಾಯಿ ರೇಸಿಗೂ ಅವಳನ್ನು ಬಳಸಿ, ಬಲಗಡೆಯ ಹಿಂಗಾಲು ಮುರಿದ ಮೇಲೆ ಹೈವೇ ಪಕ್ಕ ಬಿಟ್ಟುಹೋಗಿದ್ದರಂತೆ. ಮೂಳೆ ಸೊಟ್ಟಗೇ ಕೂಡಿಕೊಂಡಿತ್ತು. ಸಿಮೆಂಟಿನ ಮೇಲೆ ಮಲಗಿ ಮಲಗಿ ತೊಡೆಯ ಕೂದಲು ಉದುರಿತ್ತು. ನಾನು ಅನ್ನದ ಡಬ್ಬಿ ಎತ್ತಿದರೆ ಸಾಕು, ಹೊಡೆಯಲು ಬಂದೆ ಅಂತ ನೆಲಕ್ಕೆ ಅವುಚಿ ಮಲಗುತ್ತಿದ್ದಳು.

ಕರೆದುಕೊಂಡು ಹೋಗುತ್ತೇನೆ ಅಂದಾಗ ಮೇಡಂ ಒಂದು ಫಾರಂಗೆ ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ನನ್ನ ಕೊರಳಲ್ಲಿದ್ದ ಸೀಟಿಯನ್ನು ನೋಡಿ ಹೇಳಿದರು: "ಸಾರ್, ನೀವು ಪಿಟಿ ಮಾಸ್ಟ್ರು ಅಂತ ಎರಡ್ಸಲ ಹೇಳ್ತಿದೀನಿ. ಇವ್ಳನ್ನ ಓಡ್ಸ್ಬೇಡಿ. ಬೆಲ್ಟ್ ಹಾಕ್ಕೊಂಡು ನಡೆಸಿ, ಸಾಕು. ಬಯಲಲ್ಲಿ ಮಾತ್ರ ಬಿಚ್ಚಲೇಬೇಡಿ. ಇವು ಓಡಕ್ಕೆ ಶುರು ಮಾಡಿದ್ರೆ ನೋವು ಗೊತ್ತಾಗಲ್ಲ ಇವಕ್ಕೆ, ನಿಂತ ಮೇಲೇ ಗೊತ್ತಾಗೋದು. ಆ ಕಾಲು ಇನ್ನೊಂದ್ ಸಲ ತಡ್ಕೊಳ್ಳಲ್ಲ."

ಆಯಿತು ಮೇಡಂ ಅಂದೆ. ಅಂದಾಗ ಸುಳ್ಳು ಹೇಳಿರಲಿಲ್ಲ.

ಹೆಂಡತಿ ಮೊದಲ ದಿನ, "ಬಾಗ್ಲಾಚೆನೇ ಇರ್ಲಿ, ಒಳಗೆ ಸೇರಿಸ್ಬೇಡಿ" ಅಂದಳು. ಮೂರನೇ ವಾರಕ್ಕೆ ನಾಯಿ ಸೋಫಾದ ಮೇಲಿತ್ತು, ಹೆಂಡತಿ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇಷ್ಟು ವೇಗದ ಜಾತಿಯ ನಾಯಿ ಮನೆಯೊಳಗೆ ಇಷ್ಟು ಸೋಮಾರಿ ಅಂತ ನಮಗೆ ಗೊತ್ತಿರಲಿಲ್ಲ. ದಿನದ ಮುಕ್ಕಾಲು ಪಾಲು ನಿದ್ದೆ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಮಾರ್ಗಶಿರದ ಚಳಿಗೆ ಗಡಗಡ ನಡುಗುತ್ತಿದ್ದಳು. ಹೆಂಡತಿ ನನ್ನ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಅವಳಿಗೆ ತೊಡಿಸಿದಳು. ರಾಗಿ ಮುದ್ದೆಗೆ ಕೋಳಿ ಸಾರು ಕಲಸಿ ಹಾಕಿದ್ದಕ್ಕೆ ಮೈ ತುಂಬಿತು, ತೊಡೆಯ ಮೇಲೆ ಕೂದಲು ಬಂತು. ಅವಳಿಗೊಂದು ಹೆಸರೂ ಇಟ್ಟೆವು. ಅದನ್ನಿಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮೈ ತುಂಬಿದ್ದೇ ನನ್ನ ತಲೆ ಕೆಡಿಸಿತು. ವಾಕಿಂಗಿನಲ್ಲಿ ಅವಳ ನಡಿಗೆಯನ್ನೇ ನೋಡುತ್ತಿದ್ದೆ. ಕುಂಟು ಕಾಣುತ್ತಿರಲಿಲ್ಲ. ಟಿವಿ ನೋಡುತ್ತಾ ಅವಳ ತೊಡೆಯ ಮಾಂಸಖಂಡ ಮುಟ್ಟಿ ನೋಡಿ, ಇದು ಓಡಿದರೆ ಹೇಗಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ನಿದ್ದೆಯಲ್ಲಿ ಅವಳ ಕಾಲು ಅದುರಿದರೆ, ನೋಡು, ಪಾಪ ಓಡುವ ಕನಸು ಕಾಣುತ್ತಿದ್ದಾಳೆ ಅನ್ನುತ್ತಿದ್ದೆ. "ನೊಣ ಕೂತಿರ್ಬೇಕು ಬುಡಿ" ಅನ್ನುತ್ತಿದ್ದಳು ಹೆಂಡತಿ. ಕನಸು ನನ್ನದು ಅಂತ ಅವಳಿಗೆ ಆಗಲೇ ಗೊತ್ತಿತ್ತೋ ಏನೋ.

ಆ ವರ್ಷ ಯುಗಾದಿಗೆ ಕುಣಿಗಲ್ ಕಡೆ, ಅಮೃತೂರಿನ ಹತ್ತಿರದ ಹೆಂಡತಿಯ ತವರಿಗೆ ಹೋದೆವು. ನಾಯಿಯನ್ನೂ ಕರೆದೊಯ್ದೆವು. ಹಬ್ಬದ ಮಾರನೇ ದಿನ ನಮ್ಮ ಕಡೆ ಹೊಸತೊಡಕು. ಹಬ್ಬದ ದಿನ ಹೋಳಿಗೆ, ಮಾರನೇ ದಿನ ಮಟನ್. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತ ನಂಬಿಕೆ. ಅದಕ್ಕೇ ಆವತ್ತು ಯಾರೂ ಅಳಬಾರದು, ಜಗಳ ಆಡಬಾರದು, ಸುಮ್ಮನೆ ಕೂರಬಾರದು. ಹಿಂದೆ ಗಂಡಸರೆಲ್ಲ ಬೇಟೆಗೆ ಹೋಗುತ್ತಿದ್ದ ದಿನ ಅದು. ಈಗ ಬೇಟೆಗೆ ಹೋದರೆ ಫಾರೆಸ್ಟಿನವರು ಹಿಡಿಯುತ್ತಾರೆ. ಇಸ್ಪೀಟು ಮಾತ್ರ ಉಳಿದಿದೆ.

ಜಗಲಿಯ ಮೇಲೆ ನಾಯಿ ಕಾಲು ಚಾಚಿ ಮಲಗಿತ್ತು. ನನ್ನ ಭಾವಮೈದ, ಹೆಂಡತಿಯ ತಮ್ಮ, ಕಾಲಿನ ತುದಿಯಿಂದ ಅದನ್ನು ಮೆಲ್ಲಗೆ ತಿವಿದು ನಕ್ಕ.

"ಏನ್ ಭಾವ, ಪಿಟಿ ಮೇಷ್ಟ್ರ ನಾಯಿ ಹಿಂಗೆ ಬಿದ್ಕಂಡದೆ? ಹೊಸ್ತೊಡ್ಕಿನ್ ದಿನ ಮಲಗಿದ್ರೆ ವರ್ಷ ಪೂರ್ತಿ ಮಲಗ್ತದೆ ಕಣ್ ಭಾವ. ನಮ್ಮೂರಿನ ಬೀದಿನಾಯಿನೇ ವಾಸಿ."

"ಇದು ಓಡಿದ್ರೆ ನಿಮ್ಮೂರ್ ನಾಯಿಗಳು ಧೂಳು ಕುಡೀತವೆ, ಗೊತ್ತಾ?" ಅಂದೆ.

"ಬಾಯಲ್ಲಿ ಎಲ್ಲಾರೂ ಓಡ್ಸ್ತಾರೆ, ಬುಡು."

ಅಷ್ಟು ಸಾಕಾಯಿತು. ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವನು ಯಾರನ್ನಾದರೂ ಹಾಗೇ ಕೆಣಕುವವನು. ಕೆಣಕಿಸಿಕೊಂಡವನು ನಾನು. ಅದರ ಜೊತೆಗೆ ಆ ಹೊಸತೊಡಕಿನ ಹುಚ್ಚು ನಂಬಿಕೆ ಬೇರೆ ತಲೆಗೇರಿತು. ಇವತ್ತೊಂದು ಸಲ ಓಡಿಬಿಟ್ಟರೆ ವರ್ಷವೆಲ್ಲ ಓಡುತ್ತಾಳೆ, ಕಾಲು ಸರಿಹೋಗುತ್ತದೆ ಅನ್ನಿಸಿತು. ಸ್ಕೂಲಿನಲ್ಲಿ ಮಕ್ಕಳಿಗೆ ಮೂಢನಂಬಿಕೆ ಬೇಡ ಅಂತ ಭಾಷಣ ಮಾಡುವವನೂ ನಾನೇ.

ಹೆಂಗಸರು ಅಡುಗೆಮನೆಯಲ್ಲಿದ್ದರು. ನಾವಿಬ್ಬರೂ ನಾಯಿಯನ್ನು ಕರೆದುಕೊಂಡು ಊರ ಕೆರೆಗೆ ಹೋದೆವು. ಬೇಸಿಗೆಗೆ ಕೆರೆ ಒಣಗಿ ಅಂಗಳ ಬಿರುಕು ಬಿಟ್ಟಿತ್ತು. ಮಕ್ಕಳ ಓಟಕ್ಕೆ ಮುಂಚೆ ನಾನು ಟ್ರ್ಯಾಕಿನ ಈ ತುದಿಯಿಂದ ಆ ತುದಿಗೆ ನಡೆದು ಕಲ್ಲು ಆರಿಸುತ್ತೇನೆ, ಗುಣಿ ಇದ್ದರೆ ಮುಚ್ಚಿಸುತ್ತೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಆವತ್ತು ನಡೆದು ನೋಡಲಿಲ್ಲ. ಭಾವಮೈದ ಏರಿಯ ಕೆಳಗೆ ಅವಳನ್ನು ಹಿಡಿದುಕೊಂಡು ನಿಂತ. ನಾನು ಆ ಕಡೆ, ಜಾಲಿಗಿಡದ ತನಕ ನಡೆದುಹೋಗಿ ತಿರುಗಿ ನಿಂತು, ಅವಳ ಹೆಸರು ಹಿಡಿದು ಕೂಗಿದೆ.

ಅವಳು ಬಂದಳು. ಬೆನ್ನು ಬಿಲ್ಲಿನ ಹಾಗೆ ಬಾಗುವುದು, ನೆಟ್ಟಗಾಗುವುದು, ನಾಲ್ಕು ಕಾಲೂ ನೆಲ ಬಿಟ್ಟು ಗಾಳಿಯಲ್ಲಿರುವುದು. ಹಿಂದೆ ಧೂಳಿನ ಸಾಲು. ಅಂಥ ಓಟವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಇವತ್ತಿಗೂ ಕಣ್ಣು ಮುಚ್ಚಿದರೆ ಅದು ಕಾಣುತ್ತದೆ, ಕಂಡರೆ ಖುಷಿಯೇ ಆಗುತ್ತದೆ. ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಅದಕ್ಕೆ. ಅವಳ ಮುಂದೆ ಮೊಲ ಇರಲಿಲ್ಲ, ಬೇರೆ ನಾಯಿ ಇರಲಿಲ್ಲ. ಅವಳಿಗೆ ಓಡುವ ಆಸೆ ಇತ್ತು ಅಂತ ನಾನು ತಿಂಗಳುಗಟ್ಟಲೆ ಹೇಳಿಕೊಂಡು ಬಂದಿದ್ದೆ. ಅವಳಿಗಿದ್ದ ಆಸೆ ನನ್ನ ಹತ್ತಿರ ಬರುವುದಷ್ಟೇ. ಹೆಸರು ಕೂಗಿದ್ದಕ್ಕೆ ಬಂದಳು; ಆಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ.

ಇನ್ನೇನು ಹತ್ತು ಮಾರು ಇತ್ತು. ಹಿಂಗಾಲು ಬಿರುಕಿನಲ್ಲಿ ಇಳಿಯಿತು. ಅವಳು ಪಲ್ಟಿ ಹೊಡೆದು ಎದ್ದು, ಉಳಿದ ದೂರವನ್ನು ಮೂರು ಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ನನ್ನ ಮಂಡಿಗೆ ತಲೆ ಒತ್ತಿದಳು. ಕುಂಯ್ ಅನ್ನಲೂ ಇಲ್ಲ.

ಭಾವಮೈದ ಓಡಿಬಂದ. "ಅಕ್ಕಂಗೆ ಏನಂತ ಹೇಳದು ಭಾವ?" ಅಂದ. ಅವನಿಗೆ ಉತ್ತರ ಹೊಳೆಯುವ ಮುಂಚೆ ನನಗೆ ಹೊಳೆಯಿತು. ಹಿತ್ತಲ ಮೆಟ್ಟಿಲಲ್ಲಿ ಜಾರಿತು ಅಂತ ಹೇಳೋಣ ಅಂದೆ. ಹೆಗಲ ಮೇಲೆ ಹೊತ್ತುಕೊಂಡು ಹಿತ್ತಲಿಂದ ಬಂದು ಹಾಗೇ ಹೇಳಿದೆ.

ಹೆಂಡತಿ ಎದೆ ಹಿಡಿದುಕೊಂಡಳು. "ಅಯ್ಯೋ, ಬೆಳಗ್ಗೆ ನಾನೇ ಮೆಟ್ಲು ತೊಳ್ದಿದ್ದು. ಒರೆಸ್ಲಿಲ್ಲ ಕಣ್ರಿ, ಮರ್ತೆ." ನನಗೆ ಅದು ಗೊತ್ತಿರಲಿಲ್ಲ. ಅಲ್ಲೇ ಬಾಯಿ ಬಿಡಬಹುದಿತ್ತು. ಹೊಸತೊಡಕಿನ ದಿನ ಜಗಳ ಯಾಕೆ ಅಂತ ಸುಮ್ಮನಾದೆ. ಅವಳ ತಪ್ಪಿನ ಹಿಂದೆ ಬಚ್ಚಿಟ್ಟುಕೊಂಡೆ ಅನ್ನುವುದು ಸರಿಯಾದ ಮಾತು.

ಅಲ್ಲಿಂದ ಸುಳ್ಳಿಗೆ ಸುಳ್ಳು ಕೂಡಿಕೊಂಡಿತು. ತುಮಕೂರಿಗೆ ಬಂದ ಮೇಲೆ, ಕಾಲಿನ ಹಳೆಯ ಎಕ್ಸ್‌ರೇ ನೋಡಿದ್ದ ಡಾಕ್ಟರ ಹತ್ತಿರ ಹೋಗಲಿಲ್ಲ. ಅವರು ಶೆಡ್ಡಿನ ಮೇಡಂಗೆ ಪರಿಚಯ. ಬೇರೆ ಕಡೆ ಕರೆದೊಯ್ದು, ಮೆಟ್ಟಿಲಲ್ಲಿ ಜಾರಿದಳು ಅಂದೆ. "ಮೊದಲು ಏನಾದ್ರೂ ಏಟಾಗಿತ್ತಾ?" ಅಂತ ಆ ಡಾಕ್ಟರು ಕೇಳಿದರು. ಇಲ್ಲ ಅಂದೆ. ಅವರು ಉಳುಕು ಅಂತ ನೋವಿನ ಇಂಜೆಕ್ಷನ್ ಕೊಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ವಾರ ಬಿಟ್ಟು ಬನ್ನಿ ಅಂದರು. ಅವರೇನು ಮಾಡಿಯಾರು, ನಾನು ಹೇಳಿದ್ದಕ್ಕೆ ಔಷಧಿ ಕೊಟ್ಟರು. ನೋವು ಕಡಿಮೆಯಾದಂತೆ ಅವಳು ಆ ಕಾಲನ್ನು ಊರತೊಡಗಿದಳು. ಒಳಗೆ ಬಿರುಕು ಬಿಟ್ಟಿದ್ದ ಮೂಳೆ ಪೂರ್ತಿ ಮುರಿದು ಚರ್ಮ ಸೀಳಿ ಹೊರಗೆ ಬಂತು. ಕೀವಾಯಿತು. ಕೊನೆಗೆ ಹಳೆಯ ಡಾಕ್ಟರ ಹತ್ತಿರವೇ ಓಡಿದೆವು. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಅಂದರು.

ಶೆಡ್ಡಿನ ಮೇಡಂಗೂ ಫೋನಿನಲ್ಲಿ ಮೆಟ್ಟಿಲಿನ ಕತೆಯನ್ನೇ ಹೇಳಿದೆ. ಅವರು ನನಗೇ ಸಮಾಧಾನ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ತಿಂಗಳುಗಳಲ್ಲಿ ಯಾರು ಮೆಟ್ಟಿಲು ಅಂದರೂ ನಾನು ಬೆಚ್ಚುತ್ತಿದ್ದೆ. ಹೆಂಡತಿ ಮಾತ್ರ ಬದಲಾದಳು. ಮನೆಯ ಮೆಟ್ಟಿಲು ತೊಳೆದ ಮೇಲೆ ಹಳೆಯ ಸೀರೆಯಲ್ಲಿ ಒಂದೊಂದನ್ನೂ ಒರೆಸುವಳು, ಒರೆಸಿ ಕೈಯಿಂದ ಮುಟ್ಟಿ ನೋಡುವಳು. ನಾಯಿಗೆ ಊಟ ಹಾಕುವಳು, ಗಾಯಕ್ಕೆ ಮುಲಾಮು ಹಚ್ಚುವಳು, ಆದರೆ ಸೋಫಾದ ಹತ್ತಿರ ಕೂರುವುದನ್ನು ಬಿಟ್ಟಳು. ಅವರೆಕಾಯಿ ಕಾಲ ಬಂದಾಗ ಅಡುಗೆಮನೆಯಲ್ಲೇ ಕೂತು ಸುಲಿದಳು. ನಾಯಿ ಕುಂಟುತ್ತಾ ಅವಳ ಹಿಂದೆ ಹೋದರೆ, "ಹೋಗಮ್ಮ, ನನ್ನತ್ರ ಬರ್ಬೇಡ" ಅನ್ನುವಳು. ಇದನ್ನೆಲ್ಲ ನೋಡಿಕೊಂಡು ನಾನು ಪೇಪರ್ ಓದುತ್ತಿದ್ದೆ.

ಮೊನ್ನೆ ಒಂದು ಭಾನುವಾರ ಮೇಡಂ ಮನೆಗೆ ಬಂದರು. ತಾವು ಕೊಟ್ಟ ನಾಯಿಗಳನ್ನು ವರ್ಷಕ್ಕೊಂದು ಸಲ ನೋಡಿಕೊಂಡು ಹೋಗುವುದು ಅವರ ಪದ್ಧತಿ. ನಾಯಿ ಮೂರು ಕಾಲಲ್ಲೇ ಎದ್ದುಹೋಗಿ ಅವರ ಕೈ ನೆಕ್ಕಿತು. ಅವರು ನಾನು ಸಹಿ ಹಾಕಿದ್ದ ಫಾರಂ ಬಿಚ್ಚಿಕೊಂಡು, ಹೇಗಾಯಿತು ಅಂತ ಬರೆದುಕೊಳ್ಳಬೇಕು ಸಾರ್ ಅಂದರು. ನಾನು ಬಾಯಿ ತೆರೆಯುವ ಮುಂಚೆ ಕಾಫಿ ತಂದ ಹೆಂಡತಿ ಲೋಟ ಕೆಳಗಿಟ್ಟು ಹೇಳಿದಳು:

"ತಪ್ಪು ಇವರದ್ದಲ್ಲ ಮೇಡಂ. ಮೆಟ್ಲು ತೊಳ್ದು ಒರೆಸ್ದೆ ಬಿಟ್ಟೋಳು ನಾನು. ನನ್ನ ಹೆಸ್ರೇ ಬರ್ಕೊಳ್ಳಿ. ನಿಮಗೆ ಸರಿ ಕಾಣ್ದಿದ್ರೆ ನಾಯೀನ ವಾಪಸ್ ತಗಂಡೋಗಿ. ನಾನು ಬೇಜಾರು ಮಾಡ್ಕಳಲ್ಲ."

ನಾಯಿಯನ್ನು ಕಳಿಸಿಬಿಡಲೂ ಅವಳು ಮನಸ್ಸು ಮಾಡಿಕೊಂಡಿದ್ದಳು. ನಾನು ಮಾಡಿದ್ದಕ್ಕೆ.

"ಮೆಟ್ಲಲ್ಲ ಮೇಡಂ. ಕೆರೇಲಿ ಓಡ್ಸ್ದೆ" ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಭಾವಮೈದ ಹಿಡಿದುಕೊಂಡಿದ್ದು, ನಾನು ಕೂಗಿದ್ದು, ಡಾಕ್ಟರ ಮುಂದೆ ಇಲ್ಲ ಅಂದದ್ದು. ಆವತ್ತೇ ನಿಜ ಹೇಳಿದ್ದರೆ ಕಾಲು ಉಳಿಯುತ್ತಿತ್ತಾ ಅಂತ ಕೇಳಿದೆ. ಮೇಡಂ ನನ್ನನ್ನು ಬೈಯಲಿಲ್ಲ. "ಉಳೀತಿತ್ತು ಅನ್ಸುತ್ತೆ ಸಾರ್" ಅಂದರು. ಫಾರಂನಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದು, ಪೆನ್ನನ್ನು ಹೆಂಡತಿಯ ಕಡೆ ಚಾಚಿ, "ಇನ್ಮೇಲೆ ಇವ್ಳು ನಿಮ್ ಜವಾಬ್ದಾರಿ ಅಮ್ಮಾ" ಅಂದರು. ಕಾಫಿ ಕುಡಿಯದೆ ಹೊರಟರು.

ಹೆಂಡತಿ ಬಾಗಿಲು ಹಾಕಿ ಬಂದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇಷ್ಟು ತಿಂಗ್ಳಿಂದ ಅವ್ಳ ಮುಖ ನೋಡಕ್ಕಾಗ್ತಿರ್ಲಿಲ್ಲ ಕಣ್ರಿ ನಂಗೆ" ಅಂದಳು.

ಸೋಫಾದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಆ ಉದ್ದ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಾ ಹೊತ್ತು ನೋಡಿದಳು. ನನ್ನ ಕಡೆ ನೋಡಲಿಲ್ಲ.