ಕಂಡೆನ್ಸರ್ ಕಿತ್ತ ಮೇಲೆ

ಚಿಂತಾಮಣಿಯಲ್ಲಿ ಅಣ್ಣನೂ ನಾನೂ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದೆವು. ತೊಂಬತ್ತರ ದಶಕದ ಮೊದಲಲ್ಲಿ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರು ಸಿ.ಡಿ. ಪ್ಲೇಯರ್ ತಂದರು. ಧ್ವನಿ ಮಂಕಾಗಿದೆ ಎಂಬುದು ಅವರ ದೂರು. ಅಂಥ ಯಂತ್ರವನ್ನು ನಾವು ಬಿಚ್ಚಿದ್ದು ಅದೇ ಮೊದಲು.

ಡಿಸ್ಕಿನಲ್ಲಿರುವ ಅಂಕಿಗಳನ್ನು ಧ್ವನಿಯಾಗಿಸುವ ಐ.ಸಿ.ಯಿಂದ ಹಾಡಿನ ಜೊತೆಗೆ ಒಂದಷ್ಟು ಡಿ.ಸಿ.ಯೂ, ಅಂದರೆ ಅಲುಗದೆ ನಿಂತ ವೋಲ್ಟೇಜೂ ಹೊರಬರುತ್ತದೆ. ಅದನ್ನು ತಡೆಯಲು ದಾರಿಯಲ್ಲೊಂದು ಕಂಡೆನ್ಸರ್ ಕೂರಿಸಿರುತ್ತಾರೆ. ಅಣ್ಣ ಹೇಳುತ್ತಿದ್ದ: "ನಿಂತಿರೋದನ್ನ ತಡೀತದೆ, ಆಡೋದನ್ನ ಬಿಡ್ತದೆ." ಟ್ರಾನ್ಸ್‌ಫಾರ್ಮರ್ ಹಾಕಿಯೂ ಹಾಡನ್ನು ದಾಟಿಸಬಹುದು. ನಾನೋ ಯಾವುದೋ ಪತ್ರಿಕೆಯಲ್ಲಿ ನಡುವೆ ಏನೂ ಇಲ್ಲದ ನೇರ ಜೋಡಣೆಯೇ ಶುದ್ಧ ಎಂದು ಓದಿದ್ದೆ. ಅದಕ್ಕೆ ಮೊದಲು ಡಿ.ಸಿ.ಯನ್ನು ಸೊನ್ನೆಗೆ ತರಬೇಕೆಂಬುದು ಮುಂದಿನ ಪುಟದಲ್ಲಿತ್ತು. ಪುಟ ತಿರುಗಿಸುವ ತಾಳ್ಮೆ ನನಗೆ ಯಾವಾಗ ಇತ್ತು?

"ಬ್ಯಾಡ ಕಣೋ, ನಮ್ ಆಂಪ್ಲಿಫೈಯರ್‌ನಲ್ಲೂ ತಡೆ ಇಲ್ಲ, ಡಿ.ಸಿ. ಸೀದಾ ಸ್ಪೀಕರ್‌ಗೆ ನುಗ್ತದೆ" ಎಂದ ಅಣ್ಣ.

ನಾನು ಗಿರಾಕಿಯ ಎದುರಿಗೇ ನಕ್ಕೆ. "ಎರಡು ಕಿವಿ ಇರೋರಿಗೆ ಗೊತ್ತಾಗ್ತದೆ ಬಿಡು."

ಅಣ್ಣನಿಗೆ ಚಿಕ್ಕಂದಿನಿಂದ ಎಡಗಿವಿ ಕೇಳುತ್ತಿರಲಿಲ್ಲ. ನಾನು ಕಂಡೆನ್ಸರ್ ಕಿತ್ತು ತಂತಿ ಬೆಸೆದೆ. ಸ್ವಿಚ್ ಹಾಕಿದ್ದೇ ಸ್ಪೀಕರ್ ಧಡ್ ಎಂದಿತು; ಅಣ್ಣ ಕೈಯಾರೆ ಸುತ್ತಿದ್ದ ಅದರ ಕಾಯಿಲ್ ಸುಟ್ಟ ವಾಸನೆ ಅಂಗಡಿಯೆಲ್ಲ ತುಂಬಿತು.

ಅಂದಿನಿಂದ ಮಾತು ಬಿಟ್ಟೆವು. ಒಂದೇ ಅಂಗಡಿ, ಒಂದೇ ಮನೆ, ಮಾತೆಲ್ಲ ಅಮ್ಮನ ಮೂಲಕ. "ಮಂಡಿಕಲ್‌ನೋರ ಟಿ.ವಿ. ಯಾವಾಗ ಕೊಡ್ತಾನಂತೆ ಕೇಳಮ್ಮ!" ಎಂದು ನಾನು ಗುಡುಗಿದರೆ, ಅಮ್ಮ ಪಕ್ಕದ ಕೋಣೆಗೆ ಹೋಗಿ "ನಿಧಾನಕ್ಕೆ ಮಾಡ್ಲಿ ಅಂತಾವ್ನೆ ಕಣಪ್ಪ ನಿನ್ ತಮ್ಮ" ಎನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು. ಒಂದು ದಿನ ನನ್ನ ಹತ್ತಿರ ಬಂದು, "ನಿಮ್ಮಣ್ಣ ಪೋನೀಲೇ ಅಂದ್ಬಿಟ್ಟ ಕಣಪ್ಪ" ಎಂದಳು. ಹೋಗಲಿ ಬಿಡು ಎನ್ನುವುದಕ್ಕೆ ಅದು ಅವಳ ತವರಿನ ತೆಲುಗು. ಅಣ್ಣನ ಬಾಯಲ್ಲಿ ಆ ಮಾತನ್ನು ನಾನೆಂದೂ ಕೇಳಿರಲಿಲ್ಲ. ಆದರೂ ನಂಬಿದೆ. ಅವನೇ ಕ್ಷಮಿಸಿದ ಮೇಲೆ ನಾನು ಕ್ಷಮೆ ಕೇಳುವುದು ತಪ್ಪಿತಲ್ಲ.

ಐದು ವರ್ಷ ಹೀಗೇ ನಡೆದು ಅಮ್ಮ ತೀರಿಕೊಂಡಳು. ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ, ಅಣ್ಣ ಬಲಗಿವಿ ನನ್ನ ಕಡೆಗಿರುವಂತೆ ಪಕ್ಕದಲ್ಲಿ ಬಂದು ಕುಳಿತ.

"ನೀನು ತಪ್ಪಾಯ್ತು ಅಂತ ಕಣ್ಣೀರು ಹಾಕ್ದೆ ಅಂತ ಅಮ್ಮ ಹೇಳಿದ್ಲು. ಅದಕ್ಕೇ ನಾನು ಅಂಗ್ಡಿ ಬಿಟ್ಟು ಹೋಗ್ಲಿಲ್ಲ ಕಣೋ. ಹಾಕಿದ್ಯಾ?"

ನೇರ ಮಾತಿನವನೆಂಬ ಜಂಭ ನನಗೆ. "ಇಲ್ಲ" ಎಂದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಣ್ಣ ಒದೆಯಲಿಲ್ಲ. ಎದ್ದು ಒಳಗೆ ಹೋದ. ಮರುವಾರ ಗೌರಿಬಿದನೂರಿನಲ್ಲಿ ಬೇರೆ ಅಂಗಡಿ ಹಾಕಿದ.

ಅವನ ಖಾಲಿ ಮೇಜಿನ ಮುಂದೆ ಕುಳಿತು ಅತ್ತುಬಿಟ್ಟೆ. ತಪ್ಪಾಯ್ತಣ್ಣ ಎಂದು ಬಾಯಿ ಬಿಟ್ಟೇ ಅತ್ತೆ. ಅದನ್ನು ಅವನಿಗೆ ಹೋಗಿ ಹೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.