ಸ್ಲೈಡಕ್ಕನ ಕಣ್ಣು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಸ್ಲೈಡ್ ನೋಡುತ್ತಿರುವವರನ್ನು ಎಲ್ಲರೂ ಸ್ಲೈಡಕ್ಕ ಎನ್ನುತ್ತಾರೆ. ನಾನು ಅಲ್ಲಿ ಗಾಜು ತೊಳೆಯುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ; ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ.

ಭೇದಿಯಾದವರ ಮಲದಿಂದ ಬೆಳೆಸಿದ ಕ್ರಿಮಿಯನ್ನು ಅಕ್ಕ ಗಾಜಿನ ಮೇಲೆ ಉಪ್ಪುನೀರಿನಲ್ಲಿ ಕದಡಿ, ಕ್ರಿಮಿ ಗುರುತಿಸುವ ಸೀರಂ ಒಂದು ಹನಿ ಬಿಟ್ಟು ಅತ್ತಿತ್ತ ವಾಲಿಸುತ್ತಾರೆ. ಹಾಲು ಒಡೆದಂತೆ ಗಂಟು ಕಟ್ಟಿದರೆ ಅದು ರೋಗದ ಕ್ರಿಮಿ. ಆ ಗಂಟು ಎಲ್ಲರಿಗಿಂತ ಮೊದಲು ಅಕ್ಕನಿಗೇ ಕಾಣುತ್ತದೆ.

ಈ ವರ್ಷ ಎರಡು ಕಂಪನಿಗಳ ಸೀರಂ ಬಂತು. ಯಾವುದು ವಾಸಿ ಎಂದು ಅಕ್ಕ ಹೇಳಬೇಕು. ಹೆಸರು ಕಂಡರೆ ಕಣ್ಣು ಪಕ್ಷಪಾತ ಮಾಡುತ್ತದೆಂದು ಬಾಟಲಿಗಳಿಗೆ ಕಾಗದ ಸುತ್ತಿ, ಶಾಯಿಯಲ್ಲಿ ಒಂದು, ಎರಡು ಎಂದು ನಾನೇ ಬರೆದೆ. ಯಾವ ಕಂಪನಿಗೆ ಯಾವ ಅಂಕಿ ಎಂಬ ಚೀಟಿ ನನ್ನ ಜೇಬಿನಲ್ಲಿತ್ತು. ಗುರುತು ಗೊತ್ತಿದ್ದ ನಲವತ್ತು ಕ್ರಿಮಿಗಳಲ್ಲಿ ಮೊದಲ ಇಪ್ಪತ್ತಕ್ಕೆ ಒಂದನೆಯ ಬಾಟಲಿ ಒಮ್ಮೆಯೂ ತಪ್ಪಲಿಲ್ಲ. ಎರಡನೆಯದು ಏನೂ ಕೇಡು ಮಾಡದ ಕ್ರಿಮಿಗೂ ಗಂಟು ಕಟ್ಟಿತು.

ಮರುದಿನ ಒಡೆದ ಗಾಜೊಂದಕ್ಕೆ ಡಾಕ್ಟರು ನನ್ನನ್ನು ಬೈದರು. ಸಿಟ್ಟಿನಲ್ಲಿ ಬಾಟಲಿಗಳನ್ನು ಐಸ್ ಕರಗಿದ ಡಬ್ಬಿಗೆ ಕುಕ್ಕಿದೆ. ಅಂಕಿ ಅಳಿಸಿಹೋಯಿತು. ಕಾಗದ ಬಿಚ್ಚಿ ನೋಡಲು ಅರ್ಧ ನಿಮಿಷ ಸಾಕಿತ್ತು. ಯಾವನಿಗೆ ಬೇಕು ಎಂದು ಅಂದಾಜಿನ ಮೇಲೆ ಬರೆದಿಟ್ಟೆ.

ಉಳಿದ ಇಪ್ಪತ್ತರಲ್ಲಿ ಎಲ್ಲ ತಲೆಕೆಳಗಾಯಿತು: ಒಂದನೆಯದು ತಪ್ಪತೊಡಗಿತು, ಎರಡನೆಯದು ತಪ್ಪಲೇ ಇಲ್ಲ. ಅಕ್ಕ ನನ್ನ ಮೇಲೆ ಅನುಮಾನಪಡಲಿಲ್ಲ. ನಾಲ್ಕನೇ ದಿನ ಎಂದಿನಂತೆ ಕಿಟಕಿಗೆ ಮುಖ ಮಾಡಿ, ಒಬ್ಬರೇ ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಅರ್ಜಿಯಿತ್ತು: ಕಣ್ಣು ಸೋತಿದೆ, ರಿಜಿಸ್ಟರ್ ಬರೆಯುವ ಕೋಣೆಗೆ ಹಾಕಿ.

"ಕಣ್ಣಿಗೇನಾಯ್ತಕ್ಕ?"

"ಮನೇಲಿ ದೂರ ನಿಂತು ಕ್ಯಾಲೆಂಡರ್ ಓದಿ ನೋಡ್ದೆ ಕಣೋ. ಸರಿಯಾಗಿ ಓದಿದ್ನಾ ಅಂತ ಹೇಳೋಕೆ ಒಂದು ನರಪಿಳ್ಳೆ ಇಲ್ವಲ್ಲ."

ಓಡಿಹೋಗಿ ಬಾಟಲಿಗಳ ಕಾಗದ ಬಿಚ್ಚಿ ಚೀಟಿಗೆ ಹೋಲಿಸಿದೆ. ಅಂಕಿಗಳು ಅದಲುಬದಲಾಗಿದ್ದವು. ಬಂದು ಎಲ್ಲ ಹೇಳಿ ಚೀಟಿ ಚಾಚಿದೆ.

"ತೋರಿಸಬೇಡ, ನಾನು ನೋಡಬಾರ್ದು."

"ಬೈದುಬಿಡಿ ಅಕ್ಕ."

"ನಿನ್ನ ಬೈಯೋಕೆ ನಿನ್ನ ಹೆಂಡ್ತಿ ಇದಾಳೆ, ದೂರ್ವಾಸ. ನಾಲ್ಕು ದಿನದಿಂದ ನನ್ನ ಕಣ್ಣಿನ ಜೊತೆ ನಾನೇ ಮಾತು ಬಿಟ್ಟಿದ್ದೆ. ಇದ್ದಿದ್ದೇ ಅದೊಂದು ಜೊತೆ."

ಅರ್ಜಿಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಡಿಗಿಟ್ಟರು. ನನ್ನಿಂದ ಹೊಸ ಕಾಗದ ಸುತ್ತಿಸಿ, ಪೆನ್ಸಿಲಿನಲ್ಲಿ ಹೊಸ ಅಂಕಿ ಹಾಕಿಸಿ ಮೊದಲಿಂದ ಶುರು ಮಾಡಿದರು. ಮೊದಲ ಗಾಜು ವಾಲಿಸಿ ನೋಡಿದರು. ನನ್ನ ಕಡೆ ಹಿಡಿದರು.

"ಗಂಟು ಕಾಣ್ತಿದ್ಯೇನೋ?"

ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು. "ಇಲ್ಲಕ್ಕ."

"ನಂಗೆ ಕಾಣ್ತಿದೆ."

ಉಸಿರು ಹಿಡಿದು ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ನನಗೂ ಕಂಡಿತು.