ಬಂಗಿಸೊಪ್ಪಿನ ಪ್ರಸಾದ

ಗುರಮ್ಮ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟಳು.

ಬೇರೆಯವರ ಮನೆಯಲ್ಲಿ ಇದು ದೊಡ್ಡ ಮಾತಲ್ಲ. ನಮ್ಮದು ಲಿಂಗಕ್ಕೆ ಅರ್ಪಿಸಿ ಉಣ್ಣುವ ಮನೆ. ಅರ್ಪಿಸಿದ್ದು ಪ್ರಸಾದ, ಅದನ್ನು ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳಬೇಕು. ಮದುವೆಯಾದಾಗಿನಿಂದ ನನ್ನ ಹೆಂಡತಿ ಒಂದು ಅಗುಳು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. "ಒಳಗ ಇಳಿವಲ್ದು" ಎಂದಳು. ಮುಖದಲ್ಲಿ ನೋವಿಗಿಂತ ನಾಚಿಕೆಯೇ ಹೆಚ್ಚಿತ್ತು.

ಆಮೇಲೆ ವಾಂತಿ. ಆಮೇಲೆ ಹೊಟ್ಟೆನೋವು. ಓಮ, ಇಂಗು, ಹರಕೆ ಎಲ್ಲ ಮುಗಿಸಿ ನಮ್ಮೂರು ವಲಾಂಡಿಯಿಂದ ಉದಗೀರದ ದವಾಖಾನೆಗೆ ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇಗಾಗಿ ಹೈದರಾಬಾದಿಗೆ ಕಳಿಸಿದರು. ಅಲ್ಲಿಂದ ತಂದ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ನನ್ನೊಬ್ಬನನ್ನೇ ಹೊರಗೆ ಕರೆದರು.

"ಕ್ಯಾನ್ಸರ್ ಅದ. ಆಪರೇಷನ್ನಿನ ಹಂತ ದಾಟ್ಯದ."

ಪೊಲೀಸ್ ಆ್ಯಕ್ಷನ್ನಿಗೆ ಮುಂಚೆ, ಊರುಗಳಿಗೆ ಬೆಂಕಿ ಬೀಳುತ್ತಿದ್ದ ಆ ಕೆಟ್ಟ ದಿನಗಳಲ್ಲಿ, ಮಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೊಲದ ಮೇಲೆ ಹೊಲ ದಾಟಿ ಪಾರಾದವಳು ನನ್ನ ಗುರಮ್ಮ. ಈಗ ಹಿತ್ತಿಲವರೆಗೆ ನಡೆಯಲಾರಳು. ಇವಳು ಉಳಿಯಲಿ ಎಂದು ಬೇಡುವುದನ್ನು ನಾನು ನಿಧಾನವಾಗಿ ಬಿಟ್ಟೆ. ಎರಡು ತುತ್ತು ಉಣ್ಣಲಿ, ಒಂದಿಷ್ಟು ನಿದ್ದೆ ಮಾಡಲಿ, ಅಷ್ಟು ಸಾಕು ಎನಿಸಿತು.

ನಮ್ಮ ಓಣಿಯ ಮಾಳಪ್ಪ ಕುರಿ ಸಾಕುವವನು, ಬೀರಪ್ಪನ ಭಕ್ತ. "ಬಂಗಿ ಕೊಟ್ಟು ನೋಡ್ರಿ. ಮೇವು ಬಿಟ್ಟ ಕುರಿಗಿ ನಾವು ಅದೇ ಕೊಡ್ತೀವಿ" ಎಂದ.

"ನನ್ನ ಹೆಂಡತಿ ಕುರಿ ಏನೋ?" ಎಂದು ರೇಗಿದೆ.

"ಕುರಿ ಆಗಿದ್ರ ಇಷ್ಟೊತ್ತಿಗಿ ತಿಂದು ಮಲಗಿರ್ತಿತ್ರಿ" ಎಂದು ನಕ್ಕು ಹೋದವನು, ಊರೂರು ತಿರುಗುವ ಗೋಸಾವಿ ಸಾಧುಗಳು ಇಳಿದುಕೊಳ್ಳುವ ಗುಡಿಯ ಹಿಂದಿನಿಂದ ಒಂದು ಕಟ್ಟು ಸೊಪ್ಪು ತಂದೇಬಿಟ್ಟ. ಕಟ್ಟೆಯ ಮೇಲೆ ಹರಡಿ ತಿಳಿಸಿ ಹೇಳಿದ: "ಗಿಡ ಒಂದೇ. ಅದರಾಗ ಗಂಡು ಬ್ಯಾರೆ, ಹೆಣ್ಣು ಬ್ಯಾರೆ. ಎಲಿಗಿ ಬಂಗಿ ಅಂತಾರ. ಹೆಣ್ಣಿನ ಹೂವಿನ ತೆನಿ ಗಾಂಜಾ, ಅದು ಗೋಸಾವಿಗೋಳ ಚಿಲುಮಿಗಿ. ಅದರ ಅಂಟು ಚರಸ್, ಉತ್ತರದ ಕಡಿಂದ ಬರ್ತದ. ನಮಗ ಎಲಿ ಸಾಕು."

ಗುರಮ್ಮ ಮಲಗಿದ್ದಲ್ಲಿಂದಲೇ ನೋಡಿದಳು. "ಪುಂಡಿಪಲ್ಯೆ ಹಂಗೇ ಕಾಣ್ತದ."

"ಕಾಣ್ತದಂತ ಪಲ್ಯೆ ಮಾಡಬ್ಯಾಡ್ರಿ, ಅವ್ವಾ."

ನೀರು ತಿಳಿಯಾಗುವತನಕ ಸೊಪ್ಪು ತೊಳೆದು, ತುಪ್ಪದಲ್ಲಿ ಹುರಿದು, ಬೆಲ್ಲ ಹಾಕಿ ಅರೆದು ಬಟ್ಟಲು ತುಂಬಿ ಕೊಟ್ಟ. ದಿನಾ ಕಡಲೆಕಾಳಿನಷ್ಟು, ಹೆಚ್ಚಿಲ್ಲ ಎಂದ. ಗುರಮ್ಮ ಮಾತ್ರ ಒಪ್ಪಲಿಲ್ಲ. "ನಶೆದ ಜಿನಸು. ನಾ ಒಲ್ಲೆ." ನಾನು ಬೇಡಿಕೊಂಡೆ, ಸಿಟ್ಟು ಮಾಡಿದೆ, ಅತ್ತೂಬಿಟ್ಟೆ. ಕೊನೆಗೆ, "ಲಿಂಗಕ್ಕ ಅರ್ಪಿಸಿ ತೊಗೋತೀನಿ" ಎಂದಳು. ದೇವರು ದೊಡ್ಡವನು ಎಂದುಕೊಂಡು ಎತ್ತುಗಳಿಗೆ ನೀರು ಕುಡಿಸಲು ಹೋದೆ.

ಬಂದು ನೋಡಿದರೆ ಬಟ್ಟಲು ಖಾಲಿ.

"ಅಷ್ಟೂ ತಿಂದೇನು?"

"ಬಟ್ಟಲ ಸಮೇತ ಅರ್ಪಿಸಿದ್ದೆ. ಪ್ರಸಾದ ಹ್ಯಾಂಗ ಬಿಡ್ಲಿ?" ತೊಳೆದ ನೀರನ್ನೂ ಕುಡಿದಿದ್ದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಕ್ಕಳು, ನಿಲ್ಲದೆ ನಕ್ಕಳು. ಹಿಂದೆಯೇ ಹೆದರಿಕೆ ಬಂತು. ಬಾಯಿ ಒಣಗಿತು, ಎದೆ ಹೊಡೆದುಕೊಂಡಿತು. "ನನ್ನ ಕೈ ಎಲ್ಲಿ ಹೋದ್ವು?" ಎಂದು ತನ್ನ ಕೈಗಳನ್ನೇ ನೋಡುತ್ತ ಕೇಳಿದಳು. ನನ್ನ ಕೈಯಾರೆ ಇವಳನ್ನು ಕೊಂದೆ ಎಂದುಕೊಂಡೆ. ಜೋಳ ಹೇರಿಕೊಂಡು ಹೊರಟಿದ್ದ ಲಾರಿ ನಿಲ್ಲಿಸಿ ಉದಗೀರಕ್ಕೆ ಒಯ್ದೆವು.

ಡಾಕ್ಟರು ಪಲ್ಸ್ ನೋಡಿದರು, ಬಿ.ಪಿ. ನೋಡಿದರು, ಅಡ್ಮಿಟ್ ಮಾಡಿಕೊಂಡರು. "ಅಂಜಬ್ಯಾಡ್ರಿ, ಇಳೀತದ. ಖರೆ, ಇಷ್ಟು ನಿತ್ರಾಣ ಆದಾಕಿಗಿ ಇಷ್ಟು ಕೊಡಬಾರ್ದಿತ್ತು" ಎಂದರು. ಅವರಿಗೂ ಆ ಗಿಡ ಗೊತ್ತಿತ್ತು. ಚಳಿಯ ಗುಡ್ಡಗಳಲ್ಲಿ ಅದರದೇ ಒಂದು ಜಾತಿಯನ್ನು ನಾರಿಗಾಗಿ ಬೆಳೆದು ಹಗ್ಗ ಹೊಸೆಯುತ್ತಾರಂತೆ. ಅದರಿಂದ ಇಳಿಸಿದ ಟಿಂಚರ್ ಔಷಧಿಯ ಬಾಟಲಿ ಹಿಂದೆ ದವಾಖಾನೆಯಲ್ಲೇ ಇರುತ್ತಿತ್ತಂತೆ. "ಇದರಿಂದ ಟ್ಯೂಮರ್ ಕರಗಂಗಿಲ್ಲ. ಹಸಿವು ಬರಬಹುದು, ನಿದ್ದಿ ಬರಬಹುದು. ಅಳತಿ ತಪ್ಪಬ್ಯಾಡ್ರಿ."

ಗುರಮ್ಮ ಮರುದಿನ ಎದ್ದವಳೇ ನುಚ್ಚು ಮಜ್ಜಿಗೆ ಕೇಳಿದಳು.

ಮಾಳಪ್ಪ ಮತ್ತೆ ಅರೆದುಕೊಟ್ಟ ಬಟ್ಟಲು ಈಗ ನನ್ನ ಹತ್ತಿರವೇ ಇರುತ್ತದೆ. ಕಡಲೆಕಾಳಿನಷ್ಟು ತೆಗೆದು ಅಂಗೈಯಲ್ಲಿಡುತ್ತೇನೆ, ಅಷ್ಟನ್ನೇ ಅರ್ಪಿಸುತ್ತಾಳೆ. ಕೆಲವು ದಿನ ತಲೆ ತಿರುಗುತ್ತದೆ, ಕೆಲವು ದಿನ ನೋವೇ ಗೆಲ್ಲುತ್ತದೆ. ಉಳಿದ ದಿನ ಗುರಮ್ಮ ನಿದ್ದೆ ಮಾಡುತ್ತಾಳೆ. ಹಾಗೆ ಮಲಗಿದವಳನ್ನು ನೋಡಿಕೊಂಡು ಕೂಡುವುದು ನನಗೆ ಈಗ ದೊಡ್ಡ ಸುಖ.

ನಿನ್ನೆ ಊಟಕ್ಕೆ ಕೂತಾಗ ನೇರವಾಗಿ ಕೇಳಿದಳು. "ಇದರಿಂದ ನನ್ನ ಬ್ಯಾನಿ ಹೋಗ್ತದೇನ್ರೀ?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. "ಇಲ್ಲ" ಎಂದುಬಿಟ್ಟೆ. ಕಣ್ಣು ತುಂಬಿತು.

ಗುರಮ್ಮ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಮತ್ತ ಅಳ್ಕೋತ ಕುಂತ್ರ ಹ್ಯಾಂಗ? ಮನಿಯಿಂದ ಹೊಂಟವರಿಗಿ ಹಸಿದ ಹೊಟ್ಟಿಲೆ ಕಳಿಸ್ತಾರೇನು? ಇನ್ನೊಂದು ಸೌಟು ಹಾಕ್ರಿ."

ಹಾಕಿದೆ. ಉಂಡಳು.